ಟ್ರ್ಯಾಕ್ಟರಿಗೆ ಬೊಡ್ಡೆ ಅರೆಯುವ ಯಂತ್ರ: ಕಟ್ಟಬೇಕಾದದ್ದೆಷ್ಟು, ಕೊಳ್ಳಬೇಕಾದದ್ದೆಷ್ಟು

ಪ್ರಶ್ನೆ: ನನ್ನ ಜಮೀನಿನಲ್ಲಿ ಕಡಿದ ಮರಗಳ ಬೊಡ್ಡೆಗಳು ಅರವತ್ತಕ್ಕೂ ಹೆಚ್ಚು ಉಳಿದಿವೆ. 45 ಅಶ್ವಶಕ್ತಿಯ ಟ್ರ್ಯಾಕ್ಟರ್, ವೆಲ್ಡಿಂಗ್ ಯಂತ್ರ, ಗ್ಯಾಸ್ ಕಟರ್ ನನ್ನಲ್ಲಿವೆ. ಹಳೆಯ ಜೀಪೊಂದರ ಹಿಂದಿನ ಆಕ್ಸಲ್ ಕೂಡ ಮೂಲೆಯಲ್ಲಿ ಬಿದ್ದಿದೆ. ಆ ಆಕ್ಸಲ್ಲಿನ ಒಂದು ಪಕ್ಕಕ್ಕೆ 60 ಸೆಂ.ಮೀ. ವ್ಯಾಸದ ದಪ್ಪ ಉಕ್ಕಿನ ಚಕ್ರ ಕೂರಿಸಿ, ಅದರ ಅಂಚಿಗೆ ಕಾರ್ಬೈಡ್ ಹಲ್ಲುಗಳನ್ನು ಬೆಸೆದು, ಪಿಟಿಒದಿಂದ, ಅಂದರೆ ಟ್ರ್ಯಾಕ್ಟರಿನ ಹಿಂದೆ ಯಂತ್ರಗಳಿಗೆ ಶಕ್ತಿ ಕೊಡುವ ಶಾಫ್ಟಿನಿಂದ ತಿರುಗಿಸಿದರೆ ಸ್ಟಂಪ್ ಗ್ರೈಂಡರ್ ಆಗುತ್ತದೆಯೇ? ಟ್ರ್ಯಾಕ್ಟರಿನ ಲಿಫ್ಟಿನಿಂದ ಮೇಲೆ ಕೆಳಗೆ ಮಾಡಿದರೆ ಸಾಕೇ, ಅಥವಾ ಪಕ್ಕಕ್ಕೂ ಓಡಾಡಿಸಬೇಕೇ?

ಉತ್ತರ: ಯಂತ್ರ ಆಗುತ್ತದೆ, ಆದರೆ ಆ ಆಕ್ಸಲ್ಲಿನಿಂದ ಅಲ್ಲ, ಬೆಸೆದ ಹಲ್ಲುಗಳಿಂದಲೂ ಅಲ್ಲ. ಪಕ್ಕಕ್ಕೆ ಓಡಾಡಿಸುವ ವಿಚಾರದಲ್ಲಿ ನೀವು ಕೇಳಿದ ಪ್ರಶ್ನೆಯೇ ಈ ಯಂತ್ರದ ತಿರುಳು. ಸ್ವತಃ ಕಟ್ಟಲು ಹೊರಡುವವರ ಗಮನವೆಲ್ಲ ಸಾಮಾನ್ಯವಾಗಿ ಚಕ್ರದ ಮೇಲಿರುತ್ತದೆ, ಏಕೆಂದರೆ ಮರವನ್ನು ತಿನ್ನುವುದು ಅದೇ. ನಿಜವಾಗಿ ಚಕ್ರವೇ ಸುಲಭದ ಭಾಗ, ಅದು ತಯಾರಾಗಿ ಸಿಗುತ್ತದೆ. ತಿರುಗುತ್ತಿರುವ ಆ ಚಕ್ರವನ್ನು ಬೊಡ್ಡೆಯ ಅಡ್ಡಕ್ಕೆ ನಿಧಾನವಾಗಿ, ಒಂದೇ ಹದದಲ್ಲಿ ಸರಿಸುವುದು, ಹಾಗೆ ಸರಿಸುವಾಗ ಪಿಟಿಒ ಶಾಫ್ಟ್ ಮುರಿಯದಂತೆ ನೋಡಿಕೊಳ್ಳುವುದು, ಅಲ್ಲಿಂದ ಹಾರುವುದೆಲ್ಲವನ್ನೂ ಚಾಲಕನಿಗೆ ತಲುಪದಂತೆ ತಡೆಯುವುದು ಕಷ್ಟದ ಕೆಲಸ. ಆದ್ದರಿಂದ ನನ್ನ ಸಲಹೆ ಇಷ್ಟು: ಚಕ್ರ, ಹಲ್ಲು, ಗೇರ್‌ಬಾಕ್ಸ್ ಮತ್ತು ಕ್ಲಚ್ ಸಹಿತ ಪಿಟಿಒ ಶಾಫ್ಟ್‌ಗಳನ್ನು ಕೊಳ್ಳಿರಿ. ಚೌಕಟ್ಟು, ಚಕ್ರವನ್ನು ಹೊರುವ ತೋಳು, ಕವಚಗಳನ್ನು ನಿಮ್ಮ ಕೈಯಿಂದ ಕಟ್ಟಿರಿ.

ಮೊದಲು ಆಕ್ಸಲ್ಲಿನ ವಿಚಾರ. ಟ್ರ್ಯಾಕ್ಟರಿನ ಪಿಟಿಒ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಅದು ಕೂಡ ಮೀಟರಿನಲ್ಲಿ ಗುರುತು ಮಾಡಿರುವ ಎಂಜಿನ್ ವೇಗದಲ್ಲಿ ಮಾತ್ರ. ಜೀಪಿನ ಆಕ್ಸಲ್ ವೇಗವನ್ನು ಇಳಿಸಲು ಮಾಡಿದ ಸಾಧನ, ಅದರ ಅನುಪಾತ ಸಾಮಾನ್ಯವಾಗಿ 4ರಿಂದ 5ರ ಒಳಗಿರುತ್ತದೆ. 4.5 ಎಂದು ಇಟ್ಟುಕೊಂಡರೆ 540 ಸುತ್ತು 120ಕ್ಕೆ ಇಳಿಯುತ್ತದೆ. ಒಂದು ಪಕ್ಕವನ್ನು ಬಿಗಿದು ನಿಲ್ಲಿಸಿದರೆ ಡಿಫರೆನ್ಷಿಯಲ್ಲಿನ (ಎರಡು ಪಕ್ಕಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ) ಗುಣದಿಂದ ಇನ್ನೊಂದು ಪಕ್ಕ ಇಮ್ಮಡಿ, ಅಂದರೆ 240 ಸುತ್ತು ತಿರುಗುತ್ತದೆ, ನಿಜ. ಆದರೂ 60 ಸೆಂ.ಮೀ. ಚಕ್ರದ ಅಂಚು ಆಗ ಸೆಕೆಂಡಿಗೆ ಏಳೂವರೆ ಮೀಟರ್ ಮಾತ್ರ ಚಲಿಸುತ್ತದೆ. ಆ ವೇಗದಲ್ಲಿ ಹಲ್ಲು ಮರವನ್ನು ಚಕ್ಕೆಯಾಗಿ ಸೀಳುವುದಿಲ್ಲ. ಕಚ್ಚಿ ಹಿಡಿದು ಎಳೆಯುತ್ತದೆ, ಆಗ ಚಕ್ರ ನಿಲ್ಲುತ್ತದೆ ಇಲ್ಲವೇ ಇಡೀ ಯಂತ್ರ ಪಕ್ಕಕ್ಕೆ ಜಿಗಿಯುತ್ತದೆ. ಕೆಲವರು ಬುದ್ಧಿವಂತಿಕೆಯಿಂದ ಆಕ್ಸಲ್ಲನ್ನು ತಿರುಗುಮುರುಗಾಗಿ ಬಳಸುತ್ತಾರೆ: ಡಿಫರೆನ್ಷಿಯಲ್ಲನ್ನು ಬೆಸೆದು ಬಿಗಿ ಮಾಡಿ, ಜೀಪಿನ ಚಕ್ರ ಕೂರುವ ಕಡೆಯಿಂದ ಶಕ್ತಿ ಕೊಟ್ಟು ಪಿನಿಯನ್ನಿನಿಂದ (ಎಂಜಿನ್ ಕಡೆಯ ಚಿಕ್ಕ ಗೇರಿನಿಂದ) ತೆಗೆದುಕೊಳ್ಳುತ್ತಾರೆ. ಆಗ ವೇಗ ನಿಮಿಷಕ್ಕೆ 2430 ಸುತ್ತಿಗೇರಿ, ಹಲ್ಲಿನ ತುದಿ ಸೆಕೆಂಡಿಗೆ 76 ಮೀಟರ್ ಓಡುತ್ತದೆ. ಆ ಗೇರುಗಳನ್ನು ಹಿಮ್ಮುಖ ಹೊರೆಗೆ ಮಾಡಿಲ್ಲ ಎಂಬುದು ಆಮೇಲಿನ ಮಾತು. ಅಷ್ಟು ವೇಗದ ಚಕ್ರದ ಬಳಿ ನಾನಂತೂ ನಿಲ್ಲುವುದಿಲ್ಲ. ರೋಟವೇಟರ್ ಮತ್ತು ಗುಂಡಿ ತೋಡುವ ಯಂತ್ರದ ಗೇರ್‌ಬಾಕ್ಸ್‌ಗಳೂ ವೇಗ ಇಳಿಸುವಂಥವೇ ಆದ್ದರಿಂದ ಅವನ್ನೂ ಬಿಡಿ.

ಬೇಕಾದ ವೇಗ ಎಷ್ಟು? ಹಲ್ಲಿನ ತುದಿ ಸೆಕೆಂಡಿಗೆ 25ರಿಂದ 30 ಮೀಟರ್ ಚಲಿಸಿದರೆ ಟ್ರ್ಯಾಕ್ಟರಿನ ಶಕ್ತಿಗೆ ತಕ್ಕ ಕೆಲಸ ಆಗುತ್ತದೆ. ಹುಲ್ಲು ಮತ್ತು ಪೊದೆ ಸವರುವ ಸ್ಲ್ಯಾಷರ್‌ಗಳಲ್ಲಿ ವೇಗ ಏರಿಸುವ ಗೇರ್‌ಬಾಕ್ಸ್ ಇರುತ್ತದೆ. ಅದರಲ್ಲಿ 1:1.47 ಮತ್ತು 1:1.93 ಅನುಪಾತಗಳು ಹೆಚ್ಚು ಬಳಕೆಯಲ್ಲಿವೆ. ಮೊದಲನೆಯದರಿಂದ ಚಕ್ರ ನಿಮಿಷಕ್ಕೆ 794 ಸುತ್ತು ತಿರುಗಿ, 60 ಸೆಂ.ಮೀ. ಚಕ್ರದ ಅಂಚು ಸೆಕೆಂಡಿಗೆ 25 ಮೀಟರ್ ಓಡುತ್ತದೆ. ಎರಡನೆಯದರಿಂದ 1042 ಸುತ್ತು, ಸುಮಾರು 33 ಮೀಟರ್. ನಿಮ್ಮ 45 ಅಶ್ವಶಕ್ತಿಯಲ್ಲಿ ಪಿಟಿಒಗೆ ತಲುಪುವುದು 38ರ ಆಸುಪಾಸು, ಅಂದರೆ 28 ಕಿಲೋವ್ಯಾಟ್. ಅದೇ ಶಕ್ತಿಯನ್ನು ಹೆಚ್ಚು ವೇಗಕ್ಕೆ ಹಂಚಿದಷ್ಟೂ ಹಲ್ಲಿನ ತುದಿಗೆ ಸಿಗುವ ಬಲ ಇಳಿಯುತ್ತದೆ: 794 ಸುತ್ತಿನಲ್ಲಿ ಸುಮಾರು 115 ಕಿಲೋ ತೂಕದಷ್ಟು ಬಲ, 1042 ಸುತ್ತಿನಲ್ಲಿ 87 ಕಿಲೋ. ಒಣಗಿ ಗಟ್ಟಿಯಾದ ಬೊಡ್ಡೆಗಳಿಗೆ ನಾನು ಮೊದಲನೆಯದನ್ನೇ ಆರಿಸುತ್ತೇನೆ. ಅದಕ್ಕೆ ಬಲ ಮಾತ್ರವೇ ಕಾರಣವಲ್ಲ. 60 ಸೆಂ.ಮೀ. ವ್ಯಾಸ ಮತ್ತು 25 ಮಿ.ಮೀ. ದಪ್ಪದ ಉಕ್ಕಿನ ಚಕ್ರ 55 ಕಿಲೋ ತೂಗುತ್ತದೆ. 794 ಸುತ್ತಿನಲ್ಲಿ ಅದರಲ್ಲಿ ಅಡಗಿರುವ ಚಲನಶಕ್ತಿ ಸುಮಾರು 8,600 ಜೌಲ್, ಅಂದರೆ 880 ಕಿಲೋ ಭಾರವನ್ನು ಒಂದು ಮೀಟರ್ ಎತ್ತರದಿಂದ ಕೈಬಿಟ್ಟಷ್ಟು. 1042 ಸುತ್ತಿನಲ್ಲಿ ಅದು 1,500 ಕಿಲೋ ಭಾರ ಬಿದ್ದಷ್ಟಾಗುತ್ತದೆ. ಬೊಡ್ಡೆಯೊಳಗೆ ಹೂತ ಕಲ್ಲಿಗೋ ಕಬ್ಬಿಣದ ಗೂಟಕ್ಕೋ ಹಲ್ಲು ತಾಗಿದಾಗ ಈ ಶಕ್ತಿಯೆಲ್ಲ ಎಲ್ಲಿಗೋ ಹೋಗಲೇಬೇಕು. ಮನೆಯಲ್ಲಿ ಕಟ್ಟಿದ ಯಂತ್ರದಲ್ಲಿ ಅದು ಕಡಿಮೆ ಇದ್ದಷ್ಟೂ ಒಳ್ಳೆಯದು.

ಸ್ಲ್ಯಾಷರ್ ಗೇರ್‌ಬಾಕ್ಸ್ ತನ್ನ ಮೂಲ ಸ್ಥಾನದಲ್ಲಿ ಹೊರ ಶಾಫ್ಟನ್ನು ನೆಲದ ಕಡೆಗೆ ಮಾಡಿಕೊಂಡಿರುತ್ತದೆ. ನಮಗೆ ಅದು ಅಡ್ಡಲಾಗಿ, ಪಕ್ಕಕ್ಕೆ ಬೇಕು. ಹೀಗೆ ಮಲಗಿಸಿದಾಗ ಗಾಳಿಯಾಡುವ ಬ್ರೀದರ್ ಬಿರಡೆ ಪಕ್ಕಕ್ಕೋ ಕೆಳಕ್ಕೋ ಬರುತ್ತದೆ, ಎಣ್ಣೆಯ ಮಟ್ಟ ನೋಡುವ ಬಿರಡೆಗೂ ಅರ್ಥ ಉಳಿಯುವುದಿಲ್ಲ. ಮೇಲಕ್ಕೆ ಬಂದ ರಂಧ್ರಕ್ಕೆ ಬ್ರೀದರನ್ನು ವರ್ಗಾಯಿಸಿ, ಗೇರುಗಳ ಮಧ್ಯರೇಖೆ ಮುಳುಗುವಷ್ಟು ಎಣ್ಣೆ ತುಂಬಿಸಿ. ಇದನ್ನು ಮರೆತವರ ಗೇರ್‌ಬಾಕ್ಸ್ ಕೈಯಿಟ್ಟರೆ ಸುಡುವಷ್ಟು ಬಿಸಿಯಾಗಿ, ಸೀಲಿನಿಂದ ಎಣ್ಣೆ ಸೋರಿಸತೊಡಗುತ್ತದೆ. ಆಗ ಎಲ್ಲರೂ ಸೀಲನ್ನೇ ಬೈಯುತ್ತಾರೆ.

ಚಕ್ರವನ್ನು ನೇರವಾಗಿ ಗೇರ್‌ಬಾಕ್ಸಿನ ಶಾಫ್ಟಿಗೆ ಕೂರಿಸಬೇಡಿ. ಗೇರ್‌ಬಾಕ್ಸಿನ ಹೊಟ್ಟೆ ನೆಲಕ್ಕೆ ತಾಗುವುದರಿಂದ ಆಳ ಕಡಿಮೆಯಾಗುತ್ತದೆ, ಹೊಡೆತವೆಲ್ಲ ಅದರ ಬೇರಿಂಗಿಗೆ ಬೀಳುತ್ತದೆ. ಗೇರ್‌ಬಾಕ್ಸನ್ನು ತೋಳಿನ ಬುಡದಲ್ಲಿಟ್ಟು, ಅಲ್ಲಿಂದ ತೋಳಿನ ತುದಿಯ ಚಕ್ರದ ಶಾಫ್ಟಿಗೆ ಚೈನಿನಿಂದ ಶಕ್ತಿ ಸಾಗಿಸುವುದು ಉತ್ತಮ. ಬೆಲ್ಟ್ ಏಕೆ ಬೇಡ ಎಂದು ಕೇಳಬಹುದು. ಬೆಲ್ಟ್ ಜಾರುತ್ತದೆ, ಆದ್ದರಿಂದ ಹೊಡೆತ ತಡೆದುಕೊಳ್ಳುತ್ತದೆ ಎಂಬ ಮಾತು ಸರಿ. ಆದರೆ ತುದಿಯಲ್ಲಿ ದೊಡ್ಡ ಪುಲ್ಲಿಗೆ ಜಾಗವಿಲ್ಲ. 20 ಸೆಂ.ಮೀ. ಪುಲ್ಲಿಯಲ್ಲಿ 794 ಸುತ್ತಿಗೆ ಬೆಲ್ಟಿನ ವೇಗ ಸೆಕೆಂಡಿಗೆ ಎಂಟು ಮೀಟರ್ ಮಾತ್ರ ಆಗುತ್ತದೆ. ಆ ವೇಗದಲ್ಲಿ 28 ಕಿಲೋವ್ಯಾಟ್ ಸಾಗಿಸಲು ಆರೇಳು ದಪ್ಪ ಬೆಲ್ಟುಗಳನ್ನು ಅಕ್ಕಪಕ್ಕ ಹಾಕಬೇಕಾಗುತ್ತದೆ. ಕೊಂಡಿಯಿಂದ ಕೊಂಡಿಗೆ ಒಂದು ಇಂಚು ಪಿಚ್‌ನ ಎರಡು ಸಾಲಿನ ಚೈನು, 19 ಹಲ್ಲಿನ ಸ್ಪ್ರಾಕೆಟ್ (ಚೈನು ಕೂರುವ ಹಲ್ಲುಚಕ್ರ) ಇದಕ್ಕೆ ಸಾಲುತ್ತದೆ. ಆ ಸ್ಪ್ರಾಕೆಟ್ಟಿನ ವ್ಯಾಸ 15 ಸೆಂ.ಮೀ.ಗಿಂತ ತುಸುವೇ ಹೆಚ್ಚು. ಒಂದು ವೇಳೆ 1:1 ಗೇರ್‌ಬಾಕ್ಸ್ ಸಿಕ್ಕಿದರೆ ಮೇಲೆ 28 ಹಲ್ಲು, ಕೆಳಗೆ 19 ಹಲ್ಲು ಹಾಕಿದರೂ ಅದೇ 1.47 ಬರುತ್ತದೆ. ಚೈನನ್ನು ಮುಚ್ಚಿದ ಪೆಟ್ಟಿಗೆಯೊಳಗಿಟ್ಟು ಎಣ್ಣೆ ಹಾಕಿ. ಮರದ ಹುಡಿಗೆ ತೆರೆದಿಟ್ಟ ಚೈನು ಹೆಚ್ಚು ದಿನ ಬಾಳುವುದಿಲ್ಲ.

ಚಕ್ರದ ಶಾಫ್ಟಿಗೆ 50 ಮಿ.ಮೀ. ವ್ಯಾಸದ ಮಧ್ಯಮ ಇಂಗಾಲದ ಉಕ್ಕು ಅಥವಾ ಅದಕ್ಕಿಂತ ಮೇಲ್ದರ್ಜೆಯ ಮಿಶ್ರ ಉಕ್ಕು ಬೇಕು. ಚಕ್ರದ ಎರಡೂ ಪಕ್ಕ ಬೇರಿಂಗ್ ಇರಲಿ. ಇಲ್ಲಿ ಒಂದು ಲೆಕ್ಕವನ್ನು ಚೌಕಟ್ಟು ಕತ್ತರಿಸುವ ಮೊದಲೇ ಕಾಗದದ ಮೇಲೆ ಮಾಡಿಕೊಳ್ಳಿ: ಚಕ್ರದ ತ್ರಿಜ್ಯ 30 ಸೆಂ.ಮೀ., ಅದರಲ್ಲಿ ಸ್ಪ್ರಾಕೆಟ್, ಚೈನು, ಪೆಟ್ಟಿಗೆಯ ತಳ ಸೇರಿ 11–12 ಸೆಂ.ಮೀ. ಹೋಗುತ್ತದೆ. ಆದ್ದರಿಂದ ನೆಲದೊಳಕ್ಕೆ ನಿಮಗೆ ಸಿಗುವ ಆಳ 18 ಸೆಂ.ಮೀ. ಅಷ್ಟೇ. ಮೇಲೆ ಮಣ್ಣು ಹಾಕಿ ಹುಲ್ಲು ಬೆಳೆಸಲು ಅದು ಸಾಕು. ನೇಗಿಲು ಹೊಡೆಯುವ ನೆಲಕ್ಕೆ ಸಾಲದು, ಅಲ್ಲಿ ಒಂದು ಪದರ ಅರೆದು ಹುಡಿ ತೆಗೆದು, ತೋಳು ಇಳಿಯುವಷ್ಟು ಗುಂಡಿಯನ್ನು ಅಗಲ ಮಾಡಿಕೊಂಡು ಮತ್ತೆ ಇಳಿಯಬೇಕಾಗುತ್ತದೆ.

ಇನ್ನು ಹಲ್ಲುಗಳ ವಿಚಾರ. ನಾನು ಕಟ್ಟಿದ ಮೊದಲ ಯಂತ್ರದಲ್ಲಿ ನೀವು ಯೋಚಿಸಿದಂತೆಯೇ ಹಲ್ಲುಗಳನ್ನು ಚಕ್ರದ ಅಂಚಿಗೆ ಬೆಸೆದಿದ್ದೆ. ಬೆಸುಗೆ ನೋಡಲು ಚೆನ್ನಾಗಿಯೇ ಇತ್ತು. ಆರನೆಯ ಬೊಡ್ಡೆಯಲ್ಲಿ ಟಪ್ಪೆಂಬ ಸದ್ದಾಗಿ ಇಡೀ ಟ್ರ್ಯಾಕ್ಟರ್ ನಡುಗತೊಡಗಿತು. ನಿಲ್ಲಿಸಿ ನೋಡಿದರೆ ಒಂದು ಹಲ್ಲು ಇರಲಿಲ್ಲ. ಅದು ಐದಾರು ಮೀಟರ್ ದೂರದ ಮರದ ಕಾಂಡದೊಳಗೆ ಒಂದು ಬೆರಳಿನಾಳಕ್ಕೆ ಹೊಕ್ಕು ಕುಳಿತಿತ್ತು. ಚಕ್ರದಲ್ಲಿ ಹಲ್ಲಿದ್ದ ಜಾಗದ ಮುರಿದ ಮುಖ ಎರಡು ಬಣ್ಣದಲ್ಲಿತ್ತು: ಮುಕ್ಕಾಲು ಪಾಲು ಕಂದು, ಕಾಲು ಪಾಲು ಹೊಳೆಯುವ ಬೂದು. ಕಂದು ಭಾಗ ಎಷ್ಟೋ ದಿನಗಳ ಹಿಂದೆಯೇ ಬಿರುಕು ಬಿಟ್ಟು ತುಕ್ಕು ಹಿಡಿದಿತ್ತು. ಹೊಳೆಯುತ್ತಿದ್ದ ಕಾಲು ಪಾಲು ಮಾತ್ರ ಅಂದಿನವರೆಗೆ ಹಲ್ಲನ್ನು ಹಿಡಿದುಕೊಂಡಿತ್ತು. 300 ಗ್ರಾಂ ತೂಕದ ಹಲ್ಲೊಂದು ಸೆಕೆಂಡಿಗೆ 25 ಮೀಟರ್, ಅಂದರೆ ಗಂಟೆಗೆ 90 ಕಿ.ಮೀ. ವೇಗದಲ್ಲಿ ಹೊರಡುತ್ತದೆ. ಅದು ಅಂದು ಮರದ ಬದಲು ನನ್ನ ಕಡೆಗೆ ಬಂದಿದ್ದರೆ ಈ ಉತ್ತರವನ್ನು ಬೇರೆ ಯಾರಾದರೂ ಬರೆಯಬೇಕಾಗಿತ್ತು.

ಕಾರಣ ಸರಳ. ಟಂಗ್ಸ್ಟನ್ ಕಾರ್ಬೈಡ್ ಬಿಸಿಯಾದಾಗ ಹಿಗ್ಗುವ ಪ್ರಮಾಣ ಉಕ್ಕಿನ ಅರ್ಧದಷ್ಟು ಮಾತ್ರ. ಆರ್ಕ್ ವೆಲ್ಡಿಂಗಿನ ಬಿಸಿ ಅದರ ಹತ್ತಿರ ಬಂದರೆ ತಣಿಯುವಾಗ ಕಾರ್ಬೈಡಿನಲ್ಲಿ ಬಿರುಕು ಬೀಳುತ್ತದೆ. ಆದ್ದರಿಂದಲೇ ಕಾರ್ಖಾನೆಯಲ್ಲಿ ಅದನ್ನು ಬೆಳ್ಳಿ ಬೆರೆತ ಬೆಸುಗೆ ಲೋಹದಿಂದ, ಕಡಿಮೆ ಉಷ್ಣತೆಯಲ್ಲಿ ಅಂಟಿಸುತ್ತಾರೆ. ಇನ್ನು ಹಲ್ಲಿನ ಉಕ್ಕಿನ ಕಾಂಡವನ್ನು ಚಕ್ರಕ್ಕೆ ಬೆಸೆದಲ್ಲಿ, ಬೆಸುಗೆಯ ಅಂಚು ಗಡುಸಾಗಿ, ಪ್ರತಿ ಸುತ್ತಿಗೊಂದು ಹೊಡೆತ ತಿಂದು ದಣಿಯುತ್ತದೆ. ತಯಾರಾಗಿ ಸಿಗುವ ಚಕ್ರಗಳಲ್ಲಿ ಹಲ್ಲು ಒಂದು ಗೂಡಿನೊಳಗೆ ಕೂರುತ್ತದೆ. ಗೂಡು ಮತ್ತು ಎದುರು ಪಕ್ಕದ ಜೊತೆಗೂಡನ್ನು ಚಕ್ರದ ತೂತಿನ ಮೂಲಕ ಎರಡು ದಪ್ಪ ಬೋಲ್ಟುಗಳು ಬಿಗಿದಿರುತ್ತವೆ. ಹಲ್ಲು ಸವೆದರೆ ಬೋಲ್ಟು ಸಡಿಲಿಸಿ ಬದಲಾಯಿಸಬಹುದು, ಬಿರುಕು ಬಂದರೆ ಕಣ್ಣಿಗೆ ಕಾಣುತ್ತದೆ. ಬೋಲ್ಟುಗಳು 10.9 ಅಥವಾ 12.9 ದರ್ಜೆಯವಾಗಿರಲಿ, ಟಾರ್ಕ್ ರೆಂಚಿನಿಂದಲೇ ಬಿಗಿಯಿರಿ. ಹಲ್ಲುಗಳಲ್ಲಿ ನೇರವಾದವು, ಎಡಕ್ಕೆ ಬಾಗಿದವು, ಬಲಕ್ಕೆ ಬಾಗಿದವು ಎಂದು ಬಗೆಗಳಿವೆ. ಚಕ್ರ ಪಕ್ಕಕ್ಕೆ ಸರಿಯುವಾಗ ನಿಜವಾಗಿ ಕಡಿಯುವವು ಬಾಗಿದ ಹಲ್ಲುಗಳೇ. ಅವು ಚಕ್ರದ ಮುಖದಿಂದ ಕನಿಷ್ಠ ಒಂದು ಸೆಂಟಿಮೀಟರ್ ಆಚೆ ಚಾಚಿಕೊಂಡಿರಬೇಕು. ಇಲ್ಲದಿದ್ದರೆ ಚಕ್ರದ ಹೊಟ್ಟೆ ಮರಕ್ಕೆ ಉಜ್ಜಿ ಹೊಗೆ ಬರುತ್ತದೆ.

ಚಕ್ರವನ್ನೂ ನಾನೇ ಮಾಡುತ್ತೇನೆ ಎಂದು ಹಟವಿದ್ದರೆ, ಯಾವ ಉಕ್ಕೆಂದು ಗೊತ್ತಿಲ್ಲದ ಗುಜರಿ ತಗಡನ್ನು ಮುಟ್ಟಬೇಡಿ. ಗ್ಯಾಸಿನಿಂದ ಕತ್ತರಿಸಿದ ಅಂಚಿನ ಗಡುಸು ಪದರವನ್ನು ಲೇತಿನಲ್ಲಿ ತೆಗೆಸಿ, ನಡುವಿನ ತೂತನ್ನು ಹಬ್ಬಿಗೆ ಸರಿಯಾಗಿ ಕೂರುವಂತೆ ಕೊರೆಸಿ. ಆಮೇಲೆ ಸಮತೂಕ ನೋಡಬೇಕು. ಹಲ್ಲು, ಗೂಡುಗಳನ್ನೆಲ್ಲ ಜೋಡಿಸಿದ ಚಕ್ರಕ್ಕೆ ಶಾಫ್ಟ್ ತೂರಿಸಿ, ಮಟ್ಟಗೋಲಿಟ್ಟು ಸಮ ಮಾಡಿದ ಎರಡು ಚೂಪು ಅಂಚಿನ ಕಂಬಿಗಳ ಮೇಲೆ ಶಾಫ್ಟಿನ ತುದಿಗಳನ್ನು ಇರಿಸಿ, ಬೆರಳಿನಿಂದ ಮೆಲ್ಲಗೆ ತಳ್ಳಿ ಬಿಡಿ. ಭಾರದ ಪಕ್ಕ ತೂಗಾಡುತ್ತಾ ಕೆಳಗೆ ಬಂದು ನಿಲ್ಲುತ್ತದೆ. ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಎದುರು ಅಂಚಿಗೆ ಅಯಸ್ಕಾಂತದ ತುಂಡುಗಳನ್ನು ಅಂಟಿಸುತ್ತಾ ಹೋಗಿ, ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುವವರೆಗೆ. ಆ ತುಂಡುಗಳ ತೂಕದಷ್ಟು ಉಕ್ಕನ್ನು ಗುರುತಿನ ಕಡೆ, ಅಂಚಿನ ಹತ್ತಿರವೇ, ಅರ್ಧ ಆಳದ ತೂತು ಕೊರೆದು ತೆಗೆದರಾಯಿತು. ಇದು ಅತಿ ನಾಜೂಕು ಎನಿಸಬಹುದು. ಆದರೆ ಅಂಚಿನಲ್ಲಿ 300 ಗ್ರಾಂ ಏರುಪೇರಿದ್ದರೆ 794 ಸುತ್ತಿನಲ್ಲಿ ಅದು ಸುಮಾರು 63 ಕಿಲೋ ತೂಕದ ಬಲದಿಂದ, ಸೆಕೆಂಡಿಗೆ ಹದಿಮೂರು ಬಾರಿ ಬೇರಿಂಗನ್ನು ಜಗ್ಗುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಲಿಫ್ಟ್ ಮಾತ್ರ ಸಾಲದು. ಪಕ್ಕಕ್ಕೆ ಸರಿಯದ ಚಕ್ರ ಬೊಡ್ಡೆಯಲ್ಲಿ ತನ್ನ ದಪ್ಪದಷ್ಟು ಅಗಲದ ತೋಡನ್ನಷ್ಟೇ ಕೊರೆಯುತ್ತದೆ. ಪ್ರತಿ ತೋಡಿಗೂ ಟ್ರ್ಯಾಕ್ಟರನ್ನು ಹಿಂದೆ ಮುಂದೆ ಮಾಡಿ ಐದು ಸೆಂಟಿಮೀಟರ್ ಸರಿಸುವುದೆಂದರೆ ಅರವತ್ತು ಬೊಡ್ಡೆಗೆ ಕ್ಲಚ್ ಪ್ಲೇಟೇ ಸವೆಯುತ್ತದೆ. ಆದ್ದರಿಂದ ಟ್ರ್ಯಾಕ್ಟರಿನ ಲಿಂಕೇಜಿಗೆ (ಲಿಫ್ಟ್ ಎತ್ತಿಳಿಸುವ ಹಿಂದಿನ ತೋಳುಗಳಿಗೆ) ಕೂರುವ ಒಂದು ಸ್ಥಿರ ಚೌಕಟ್ಟು, ಅದಕ್ಕೆ ಲಂಬವಾದ ದಪ್ಪ ಪಿನ್ನಿನ ಮೇಲೆ ಎಡಬಲ ತಿರುಗುವ ತೋಳು, ಎರಡನ್ನೂ ಕೂಡಿಸುವ ಒಂದು ಹೈಡ್ರಾಲಿಕ್ ಸಿಲಿಂಡರ್ ಬೇಕು. ತೋಳು ನಡುಗೆರೆಯಿಂದ ಎಡಕ್ಕೆ 25, ಬಲಕ್ಕೆ 25 ಡಿಗ್ರಿ ತಿರುಗಿದರೆ, ಪಿನ್ನಿನಿಂದ ಒಂದು ಮೀಟರ್ ದೂರದ ಚಕ್ರ ಸುಮಾರು 87 ಸೆಂ.ಮೀ. ಓಡಾಡುತ್ತದೆ.

ಆ ಪಿನ್ನನ್ನು ಎಲ್ಲಿ ಇಡುತ್ತೀರಿ ಎಂಬುದರ ಮೇಲೆ ಪಿಟಿಒ ಶಾಫ್ಟಿನ ಆಯುಷ್ಯ ನಿಂತಿದೆ. ಶಾಫ್ಟಿನ ತುದಿಗಳು ತಿರುಗುತ್ತಲೇ ಬಾಗಲು ಬಿಡುವ ಸಾಮಾನ್ಯ ಕ್ರಾಸ್ ಜಾಯಿಂಟ್ ಬಾಗಿದಾಗ ಹೊರಬರುವ ವೇಗ ಪ್ರತಿ ಸುತ್ತಿನಲ್ಲಿ ಎರಡು ಬಾರಿ ಏರಿ ಇಳಿಯುತ್ತದೆ. 30 ಡಿಗ್ರಿ ಬಾಗಿದರೆ ಈ ಏರಿಳಿತ ಎರಡೂ ಕಡೆಗೆ ಸುಮಾರು 15 ಪ್ರತಿಶತ. ಶಾಫ್ಟಿನ ಎರಡು ತುದಿಯ ಜಾಯಿಂಟುಗಳು ಒಂದೇ ಕೋನದಲ್ಲಿ ಬಾಗಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ, ಕೋನ ಬೇರೆಯಾದರೆ ಅಳಿಸುವುದಿಲ್ಲ. ಹೆಚ್ಚಿನವರು ಪಿನ್ನನ್ನು ಗೇರ್‌ಬಾಕ್ಸಿನ ಹತ್ತಿರ ಎಲ್ಲೋ ಅನುಕೂಲವಿದ್ದಲ್ಲಿ ಹಾಕುತ್ತಾರೆ. ಆಗ ಬಾಗೆಲ್ಲ ಒಂದೇ ಜಾಯಿಂಟಿನ ಪಾಲಾಗಿ, ತೋಳು ಕೊನೆಗೆ ಹೋದಾಗಲೆಲ್ಲ ಶಾಫ್ಟ್ ಗಡಗಡ ಎನ್ನುತ್ತದೆ. ಪಿನ್ನನ್ನು ಎರಡು ಜಾಯಿಂಟುಗಳ ಸರಿಯಾದ ನಡುಮಧ್ಯಕ್ಕೆ, ಶಾಫ್ಟಿನ ಮೇಲೆ ಅಥವಾ ಕೆಳಗೆ ಬರುವಂತೆ ಇಟ್ಟು ನೋಡಿ. ತೋಳು 25 ಡಿಗ್ರಿ ತಿರುಗಿದರೆ ಪ್ರತಿ ಜಾಯಿಂಟಿಗೆ ಹನ್ನೆರಡೂವರೆ ಡಿಗ್ರಿ ಮಾತ್ರ ಬರುತ್ತದೆ, ಎರಡೂ ಸಮನಾಗಿರುತ್ತವೆ. ಜಾಯಿಂಟುಗಳ ನಡುವೆ 80 ಸೆಂ.ಮೀ. ಇದ್ದರೆ ಆ ಕೋನದಲ್ಲಿ ಶಾಫ್ಟ್ ಎರಡು ಸೆಂಟಿಮೀಟರಿನಷ್ಟು ಒಳಸರಿಯಬೇಕಾಗುತ್ತದೆ. ಒಳಕೊಳವೆ ತಳಕ್ಕೆ ಬಡಿಯದಂತೆ, ಹಾಗೆಯೇ ಕೊಳವೆಗಳು ಒಂದರೊಳಗೊಂದು ಕನಿಷ್ಠ ಮೂರನೇ ಒಂದು ಭಾಗ ಹೊಕ್ಕಿರುವಂತೆ ಉದ್ದ ಕತ್ತರಿಸಿ. ಇಷ್ಟೆಲ್ಲ ಸರಿಯಾಗಲು ಚೌಕಟ್ಟು ಪಕ್ಕಕ್ಕೆ ಅಲ್ಲಾಡಬಾರದು. ಲಿಂಕೇಜಿನ ಕೆಳಗಿನ ಎರಡು ತೋಳುಗಳಾದ ಲೋವರ್ ಲಿಂಕುಗಳ ಪಕ್ಕದ ಚೈನುಗಳನ್ನು ಪೂರ್ತಿ ಬಿಗಿಯಿರಿ.

ಸಿಲಿಂಡರಿನ ಲೆಕ್ಕ ಹೆಚ್ಚಿನವರನ್ನು ಚಕಿತಗೊಳಿಸುತ್ತದೆ, ಏಕೆಂದರೆ ಇಲ್ಲಿ ಶಕ್ತಿ ಸಾಲದು ಎಂಬ ತೊಂದರೆಯಿಲ್ಲ, ಅತಿಯಾಯಿತು ಎಂಬುದೇ ತೊಂದರೆ. 50 ಮಿ.ಮೀ. ಒಳವ್ಯಾಸದ ಸಿಲಿಂಡರನ್ನು ಪಿನ್ನಿನಿಂದ 25 ಸೆಂ.ಮೀ. ದೂರಕ್ಕೆ ಜೋಡಿಸಿದರೆ ಪೂರ್ತಿ ಓಡಾಟಕ್ಕೆ ಬೇಕಾಗುವ ಎಣ್ಣೆ 0.4 ಲೀಟರ್ ಮಾತ್ರ. ಟ್ರ್ಯಾಕ್ಟರಿನ ಪಂಪು ನಿಮಿಷಕ್ಕೆ 20 ಲೀಟರ್ ಕೊಟ್ಟರೂ ಚಕ್ರ ಒಂದೂಕಾಲು ಸೆಕೆಂಡಿನಲ್ಲಿ ಈ ತುದಿಯಿಂದ ಆ ತುದಿಗೆ ಬೀಸಿ ಹೋಗುತ್ತದೆ. ನಮಗೆ ಬೇಕಾಗಿರುವುದು ಸೆಕೆಂಡಿಗೆ ಐದು ಸೆಂಟಿಮೀಟರ್, ಅಂದರೆ ಪೂರ್ತಿ ಓಡಾಟಕ್ಕೆ ಹದಿನೇಳು ಸೆಕೆಂಡು. ಆಗ ಚಕ್ರ ಒಂದು ಸುತ್ತಿಗೆ ನಾಲ್ಕು ಮಿಲಿಮೀಟರಿನಷ್ಟು ಮುಂದುವರಿದು, ಪಕ್ಕಕ್ಕೆ ಎಂಟು ಹಲ್ಲಿದ್ದರೆ ಪ್ರತಿ ಹಲ್ಲಿಗೆ ಅರ್ಧ ಮಿಲಿಮೀಟರ್ ತುತ್ತು ಸಿಗುತ್ತದೆ. ಇದಕ್ಕೆ ಎಣ್ಣೆಯ ಹರಿವನ್ನು ನಿಮಿಷಕ್ಕೆ ಒಂದೂವರೆ ಲೀಟರಿಗೆ ಇಳಿಸುವ ಫ್ಲೋ ಕಂಟ್ರೋಲ್ ವಾಲ್ವ್ ಬೇಕು. ಆ ವಾಲ್ವನ್ನು ಸಿಲಿಂಡರಿಗೆ ಎಣ್ಣೆ ಒಳಬರುವ ಕಡೆ ಹಾಕಬೇಡಿ, ಎಣ್ಣೆ ಹೊರಹೋಗುವ ಕಡೆ ಹಾಕಿ, ಎರಡೂ ದಿಕ್ಕಿಗೂ ಒಂದೊಂದು. ಹಲ್ಲುಗಳು ಮರವನ್ನು ಕಚ್ಚಿದಾಗ ಕೆಲವೊಮ್ಮೆ ತೋಳನ್ನು ತಾವೇ ಎಳೆದುಕೊಳ್ಳುತ್ತವೆ. ಹೊರಹೋಗುವ ಎಣ್ಣೆಯನ್ನು ತಡೆದಿದ್ದರೆ ಮಾತ್ರ ತೋಳು ಅವುಗಳ ವಶವಾಗದೆ ನಿಲ್ಲುತ್ತದೆ.

ಒತ್ತಡವನ್ನೂ ಇಳಿಸಬೇಕು. 150 ಬಾರ್ ಒತ್ತಡದಲ್ಲಿ ಆ ಸಿಲಿಂಡರ್ ಮೂರು ಟನ್ ಬಲದಿಂದ ತಳ್ಳುತ್ತದೆ, ಚಕ್ರದ ಬಳಿ ಅದು ಮುಕ್ಕಾಲು ಟನ್. ಬೊಡ್ಡೆ ಜಗ್ಗದಿದ್ದರೆ ಹಲ್ಲು ಮುರಿಯುತ್ತದೆ ಇಲ್ಲವೇ ಟ್ರ್ಯಾಕ್ಟರಿನ ಹಿಂಭಾಗವೇ ಸರಿಯುತ್ತದೆ. 50 ಬಾರಿಗೆ ತೆರೆದುಕೊಳ್ಳುವ ರಿಲೀಫ್ ವಾಲ್ವ್ ಹಾಕಿದರೆ ಚಕ್ರದ ಬಳಿ ಸುಮಾರು 250 ಕಿಲೋ ಉಳಿಯುತ್ತದೆ. ನನ್ನ ಮಟ್ಟಿಗೆ ಅದೂ ಧಾರಾಳ.

ಪಿಟಿಒ ಶಾಫ್ಟಿನಲ್ಲಿ ಎರಡು ರಕ್ಷಣೆಗಳು ಇರಲೇಬೇಕು. ಒಂದು ಸ್ಲಿಪ್ ಕ್ಲಚ್: ಚಕ್ರ ತಟಕ್ಕನೆ ನಿಂತಾಗ ಟ್ರ್ಯಾಕ್ಟರಿನ ಗೇರುಗಳಿಗೆ ಪೆಟ್ಟು ಹೋಗದಂತೆ ಅದು ಜಾರುತ್ತದೆ. ಹೊರೆ ಮೀರಿದಾಗ ತಾನೇ ತುಂಡಾಗುವ ಶಿಯರ್ ಬೋಲ್ಟ್ ಅಗ್ಗವಾದರೂ ಬೊಡ್ಡೆಯ ಕೆಲಸದಲ್ಲಿ ಅದು ದಿನಕ್ಕೆ ಹತ್ತು ಬಾರಿ ತುಂಡಾಗುತ್ತದೆ. ಹನ್ನೊಂದನೆಯ ಸಲ ಯಾರಾದರೂ ಅದರ ಜಾಗದಲ್ಲಿ ಗಟ್ಟಿ ಬೋಲ್ಟು ತುರುಕಿಬಿಡುತ್ತಾರೆ. ಇನ್ನೊಂದು ಓವರ್‌ರನ್ನಿಂಗ್ ಕ್ಲಚ್, ಶಕ್ತಿಯನ್ನು ಟ್ರ್ಯಾಕ್ಟರಿನಿಂದ ಚಕ್ರಕ್ಕೆ ಮಾತ್ರ ದಾಟಿಸುವಂಥದು: ಅದಿಲ್ಲದಿದ್ದರೆ, ಪಿಟಿಒಗೆ ಪ್ರತ್ಯೇಕ ಕ್ಲಚ್ ಇಲ್ಲದ ಟ್ರ್ಯಾಕ್ಟರಿನಲ್ಲಿ ನೀವು ಕ್ಲಚ್ ತುಳಿದರೂ 55 ಕಿಲೋ ಚಕ್ರದ ಜಡತ್ವ ಗೇರ್‌ಬಾಕ್ಸಿನ ಮೂಲಕ ಟ್ರ್ಯಾಕ್ಟರನ್ನು ತಳ್ಳುತ್ತಲೇ ಇರುತ್ತದೆ. ಹಿಂದಕ್ಕೆ ಹೋಗುವ ಗೇರಿನಲ್ಲಿ ಹೀಗಾದರೆ ಯಂತ್ರ ಬೊಡ್ಡೆಯ ಮೇಲೆ ಹತ್ತುತ್ತದೆ. ಶಾಫ್ಟಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಹೊಸದು ಹಾಕಿದ ಮೇಲೆಯೇ ಕೆಲಸ. ಸಡಿಲ ಬಟ್ಟೆಯ ಒಂದು ಎಳೆ ಸುತ್ತಿಕೊಂಡರೂ 540 ಸುತ್ತಿನ ಶಾಫ್ಟ್ ಯೋಚಿಸಲು ಪುರುಸೊತ್ತು ಕೊಡುವುದಿಲ್ಲ.

ಚಕ್ರ ತಿರುಗುವ ದಿಕ್ಕಿನ ಬಗ್ಗೆ ನೀವು ಕೇಳಿಲ್ಲ, ಆದರೆ ಜೋಡಿಸುವಾಗ ಇದರಲ್ಲಿ ತಪ್ಪುವುದು ಸುಲಭ. ಟ್ರ್ಯಾಕ್ಟರಿನ ಹಿಂದೆ ನಿಂತು ನೋಡಿದರೆ ಪಿಟಿಒ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಗೇರ್‌ಬಾಕ್ಸನ್ನು ಯಾವ ಮಗ್ಗುಲಿಗೆ ಮಲಗಿಸುತ್ತೀರಿ ಎಂಬುದರ ಮೇಲೆ ಚಕ್ರದ ದಿಕ್ಕು ನಿರ್ಧಾರವಾಗುತ್ತದೆ. ಟ್ರ್ಯಾಕ್ಟರಿನಿಂದ ದೂರದ ಅಂಚಿನಲ್ಲಿ ಹಲ್ಲು ಕೆಳಗಿಳಿದು, ತಳದಲ್ಲಿ ಟ್ರ್ಯಾಕ್ಟರಿನ ಕಡೆಗೆ ಬರಬೇಕು. ಆಗ ಮರ ಚಕ್ರವನ್ನು ಮೇಲಕ್ಕೆ ತಳ್ಳುತ್ತದೆ, ಯಂತ್ರದ ತೂಕ ಅದನ್ನು ಹಿಡಿದಿಡುತ್ತದೆ, ಚಕ್ಕೆಗಳು ಯಂತ್ರದ ಅಡಿಗೆ ಹಾರಿ ಕವಚಕ್ಕೆ ಬಡಿಯುತ್ತವೆ. ದಿಕ್ಕು ತಿರುಗಿದರೆ ಚಕ್ರ ತಾನೇ ಮರದೊಳಗೆ ಇಳಿದು ಸಿಕ್ಕಿಕೊಳ್ಳುತ್ತದೆ, ಚಕ್ಕೆ ಕಲ್ಲುಗಳು ಬಯಲಿಗೆ ಹಾರುತ್ತವೆ. ಆದರೆ ಸರಿಯಾದ ದಿಕ್ಕಿನಲ್ಲಿ ಹಾರುವುದೆಲ್ಲ ಚಾಲಕನ ಕಡೆಗೇ ಬರುತ್ತದೆ ಎಂಬುದನ್ನು ಮರೆಯುವಂತಿಲ್ಲ. ಆದ್ದರಿಂದ ಕವಚವನ್ನು ಕೊನೆಗೆ ಉಳಿದ ತಗಡಿನಿಂದ ಮಾಡುವ ಅಲಂಕಾರವೆಂದು ಎಣಿಸಬೇಡಿ. ಚಕ್ರದ ಮೇಲ್ಭಾಗ ಮತ್ತು ಟ್ರ್ಯಾಕ್ಟರಿನ ಕಡೆಗೆ 6 ಮಿ.ಮೀ. ಉಕ್ಕಿನ ಹೊದಿಕೆ, ಅದರ ಕೆಳ ಅಂಚಿನಿಂದ ನೆಲ ಮುಟ್ಟುವಂತೆ ದಪ್ಪ ಕನ್ವೇಯರ್ ರಬ್ಬರಿನ ಪಟ್ಟಿಗಳನ್ನು ಒಂದರ ಮೇಲೊಂದು ಬರುವಂತೆ ಎರಡು ಸಾಲು ತೂಗುಬಿಡಿ. ಚಾಲಕನ ಬೆನ್ನ ಹಿಂದೆ ದಪ್ಪ ಪಾಲಿಕಾರ್ಬೊನೇಟ್ ಹಾಳೆ ಅಥವಾ ಒತ್ತು ಕಣ್ಣಿನ ಉಕ್ಕಿನ ಜಾಲರಿ ಬೇಕು. ಸುತ್ತ ಮೂವತ್ತು ಮೀಟರ್ ದೂರದೊಳಗೆ ಬೇರೆ ಯಾರೂ ಇರಕೂಡದು.

ಒಟ್ಟು ತೂಕ 300 ಕಿಲೋ ಆಸುಪಾಸು ಬಂದು, ಅದು ಟ್ರ್ಯಾಕ್ಟರಿನಿಂದ ಒಂದು ಮೀಟರಿಗಿಂತ ಹಿಂದೆ ತೂಗುವುದರಿಂದ ಮುಂಗಾಲಿಗಳು ಹಗುರವಾಗುತ್ತವೆ. ಟ್ರ್ಯಾಕ್ಟರಿನ ಸ್ವಂತ ತೂಕದ ಐದನೇ ಒಂದು ಭಾಗವಾದರೂ ಮುಂದಿನ ಆಕ್ಸಲ್ ಮೇಲೆ ಉಳಿಯುವಂತೆ ಮುಂದೆ ಭಾರ ಕಟ್ಟಿ. ಚೌಕಟ್ಟಿಗೆ ಎರಡು ಅಗಲ ಪಾದಗಳಿದ್ದರೆ ಅರೆಯುವಾಗ ಯಂತ್ರ ಟೈರುಗಳ ಮೇಲೆ ಕುಣಿಯುವುದಿಲ್ಲ. ಆ ಪಾದಗಳ ಎತ್ತರ ಹೊಂದಿಸುವಂತಿದ್ದರೆ ಆಳದ ಮಿತಿಯೂ ಅವುಗಳಿಂದಲೇ ಸಿಗುತ್ತದೆ.

ಮೊದಲ ಬಾರಿ ಓಡಿಸುವಾಗ ಚಕ್ರದ ಸಮತಲದಲ್ಲಿ, ಅಂದರೆ ಅದರ ಅಂಚಿನ ನೇರಕ್ಕೆ ಮುಂದಾಗಲಿ ಹಿಂದಾಗಲಿ ಯಾರೂ ನಿಲ್ಲಬಾರದು. ಈ ಒಂದು ಪರೀಕ್ಷೆಯನ್ನು ಸೀಟಿನಲ್ಲಿ ಕುಳಿತು ಮಾಡಬೇಡಿ. ಬ್ರೇಕ್ ಕಟ್ಟಿ, ಟ್ರ್ಯಾಕ್ಟರಿನ ಚಕ್ರಗಳಿಗೆ ಅಡ್ಡಕಟ್ಟೆ ಕೊಟ್ಟು, ಅರೆಯುವ ಚಕ್ರವನ್ನು ನೆಲದಿಂದ ಸ್ವಲ್ಪವೇ ಎತ್ತಿ ಹಿಡಿದು, ಎಂಜಿನ್ನಿನ ಅತಿ ಕಡಿಮೆ ವೇಗದಲ್ಲಿ ಪಿಟಿಒ ಹಾಕಿ ಪಕ್ಕಕ್ಕೆ ಸರಿದುಬಿಡಿ. ಹತ್ತು ನಿಮಿಷ ಅದೇ ವೇಗದಲ್ಲಿ ತಿರುಗಲಿ. ನಿಲ್ಲಿಸಿ, ಚಾವಿ ತೆಗೆದು ಜೇಬಿಗೆ ಹಾಕಿಕೊಂಡು, ಚಕ್ರ ಪೂರ್ತಿ ನಿಂತ ಮೇಲೆ ಬೇರಿಂಗುಗಳ ಬಿಸಿಯನ್ನೂ ಪ್ರತಿ ಬೋಲ್ಟಿನ ಬಿಗಿತವನ್ನೂ ನೋಡಿ. ಎಂಜಿನ್ ನಿಂತ ತಕ್ಷಣ ಚಕ್ರ ನಿಲ್ಲುವುದಿಲ್ಲ. ಓವರ್‌ರನ್ನಿಂಗ್ ಕ್ಲಚ್ ಇರುವ ಯಂತ್ರದಲ್ಲಂತೂ ಅದು ಸದ್ದಿಲ್ಲದೆ ಬಹಳ ಹೊತ್ತು ತಿರುಗುತ್ತಿರುತ್ತದೆ. ಆಮೇಲೆ ವೇಗವನ್ನು ಮೂರು ನಾಲ್ಕು ಮೆಟ್ಟಿಲುಗಳಲ್ಲಿ ಏರಿಸಿ, ಪ್ರತಿ ಮೆಟ್ಟಿಲಿಗೂ ಇದೇ ತಪಾಸಣೆ ಮಾಡಿ.

ಕೆಲಸದ ವೇಳೆ ಬೊಡ್ಡೆಯನ್ನು ಮೊದಲು ಗರಗಸದಿಂದ ನೆಲದ ಮಟ್ಟಕ್ಕೆ ಆದಷ್ಟು ತಗ್ಗಾಗಿ ಕೊಯ್ದು, ಸುತ್ತಲ ಮಣ್ಣನ್ನೂ ಬೇರಿನ ಸಂದಿನ ಕಲ್ಲುಗಳನ್ನೂ ಹಾರೆಯಿಂದ ಬಿಡಿಸಿ ತೆಗೆಯಿರಿ. ಹಿಂದೆ ಬೇಲಿಯ ಕಂಬವಾಗಿದ್ದ ಮರವಾದರೆ ತಂತಿ, ಮೊಳೆಗಳು ಒಳಗೆ ಹುದುಗಿರುತ್ತವೆ. ಅಂಥ ಬೊಡ್ಡೆಯನ್ನು ಯಂತ್ರಕ್ಕೆ ಕೊಡದೆ ಬಿಡುವುದೇ ಲೇಸು. ನೆಲದಡಿಯ ಪೈಪು, ಕೇಬಲ್ಲುಗಳ ಜಾಗವನ್ನು ಮೊದಲೇ ಗುರುತಿಸಿಕೊಳ್ಳಿ. ಬೊಡ್ಡೆಯ ದೂರದ ಅಂಚಿನಿಂದ ಆರಂಭಿಸಬೇಡಿ. ಟ್ರ್ಯಾಕ್ಟರಿಗೆ ಹತ್ತಿರದ ಅಂಚಿನ ಮೇಲೆ ಚಕ್ರವನ್ನು ಎರಡು ಮೂರು ಸೆಂಟಿಮೀಟರ್ ಇಳಿಸಿ, ಈ ಪಕ್ಕದಿಂದ ಆ ಪಕ್ಕಕ್ಕೆ ಒಮ್ಮೆ ಸರಿಸಿ, ಮತ್ತೆ ಅಷ್ಟೇ ಇಳಿಸಿ ಹಿಂದಕ್ಕೆ ಸರಿಸಿ, ಅಲ್ಲಿ ಆಳ ಮುಗಿದ ಮೇಲೆ ಟ್ರ್ಯಾಕ್ಟರನ್ನು ಒಂದು ಗೇಣು ಹಿಂದಕ್ಕೆ ತೆಗೆದುಕೊಂಡು ಮುಂದಿನ ಪಟ್ಟಿ ಹಿಡಿಯಿರಿ. ಕಿವಿ ಎಂಜಿನ್ ಮೇಲಿರಲಿ. ಅದರ ಸದ್ದು ಕುಗ್ಗಿತೆಂದರೆ ತುತ್ತು ದೊಡ್ಡದಾಯಿತೆಂದು ತಿಳಿದು ತೋಳನ್ನು ನಿಲ್ಲಿಸಿ, ಚಕ್ರ ಮತ್ತೆ ವೇಗ ಹಿಡಿದ ಮೇಲೆ ಮುಂದುವರಿಸಿ. ಚಕ್ಕೆಯ ಬದಲು ನುಣ್ಣನೆಯ ಹುಡಿ ಬರತೊಡಗಿದರೆ ಹಲ್ಲುಗಳು ಮೊಂಡಾಗಿವೆ. ಅವನ್ನು ಬದಲಾಯಿಸುವಾಗ ಎದುರುಬದುರಿನ ಎರಡನ್ನೂ ಒಟ್ಟಿಗೆ ಬದಲಾಯಿಸಿ, ಇಲ್ಲದಿದ್ದರೆ ಕಷ್ಟಪಟ್ಟು ತಂದ ಸಮತೂಕ ಹೋಗುತ್ತದೆ. ಹೊಸ ಹಲ್ಲಿನ ಬೋಲ್ಟುಗಳು ಮೊದಲ ಬೊಡ್ಡೆಯಲ್ಲೇ ಸ್ವಲ್ಪ ಸಡಿಲವಾಗುವುದರಿಂದ, ಅದು ಮುಗಿದ ಕೂಡಲೇ ಟಾರ್ಕ್ ರೆಂಚನ್ನು ಮತ್ತೊಮ್ಮೆ ಹಾಕಿ ನೋಡಿ.